ಎರಡು ಸ್ಟಾರ್ ಹಾಕ್ಬಿಡಿ ಸಾರ್

ನಮ್ಮದು ಆಸ್ಪತ್ರೆ ಸಾಫ್ಟ್‌ವೇರ್. ಬಿಲ್ಲಿಂಗ್, ಫಾರ್ಮಸಿ, ಲ್ಯಾಬ್ ಅಂತ ಒಂದೊಂದಕ್ಕೂ ಒಂದು ಮಾಡ್ಯೂಲ್, ಒಂದು ಜಾರ್, ಅಂದರೆ ಜಾವಾ ಕೋಡನ್ನೆಲ್ಲ ಕಟ್ಟಿಟ್ಟ ಒಂದು ಫೈಲ್. ಯಾವ ಫೈಲ್ ಬೇಕು, ಯಾವುದು ಬೇಡ ಅಂತ ಎಲ್ಲ ಮಾಡ್ಯೂಲಿಗೂ ಸೇರಿ ಒಂದೇ ಪಟ್ಟಿ, ಹೆಸರು ಪ್ಯಾಟರ್ನ್‌ಸೆಟ್: ಬೇಕಾದದ್ದು ಇನ್‌ಕ್ಲೂಡ್‌ನಲ್ಲಿ, ಬೇಡದ್ದು ಎಕ್ಸ್‌ಕ್ಲೂಡ್‌ನಲ್ಲಿ. ನಾನಿರುವುದು ದಾವಣಗೆರೆಯಲ್ಲಿ, ಬಿಸಿಗಾಳಿ ಬೀಸುವ ಫ್ಯಾನಿನ ಕೆಳಗೆ. ಈ ಜಾರ್‌ಗಳನ್ನು ಕಟ್ಟುವ ಆ್ಯಂಟ್ ಅನ್ನೋ ಟೂಲಿಗೆ ಸ್ಕ್ರಿಪ್ಟ್ ಬರೆಯುವ ಮಹಾನುಭಾವರು ಬೆಂಗಳೂರಿನಲ್ಲಿ.

ಇವರ ಹತ್ತಿರ ಎಲ್ಲ ರೋಗಕ್ಕೂ ಒಂದೇ ಮದ್ದು: "ಎರಡು ಸ್ಟಾರ್ ಹಾಕ್ಬಿಡಿ ಸಾರ್." ಫೈಲಿನ ದಾರಿ ಬರೆಯುವಾಗ ಒಂದು ಸ್ಟಾರ್ (*) ಆದರೆ ಒಂದೇ ಫೋಲ್ಡರಿಗೆ ನಿಲ್ಲುತ್ತದೆ, ಎರಡು ಹಾಕಿದರೆ ಎಷ್ಟು ಆಳದಲ್ಲಿದ್ದರೂ ಹುಡುಕಿ ತರುತ್ತದೆ, ಸರಿ. ಆದರೆ ಫೈಲ್ ಸಿಗಲಿಲ್ಲವಾ, ಎರಡು ಸ್ಟಾರ್. ಬೇಡದ್ದು ಬಂತಾ, ಎಕ್ಸ್‌ಕ್ಲೂಡ್‌ನಲ್ಲೂ ಎರಡು ಸ್ಟಾರ್. ಮೀಟಿಂಗಿನಲ್ಲಿ ನಾನು ಸಮಸ್ಯೆ ಹೇಳಿ ಮುಗಿಸುವ ಮೊದಲೇ ಅವರ ಮೈಕ್ ಆನ್ ಆಗಿ, ಗಂಟಲು ಸರಿಮಾಡಿಕೊಂಡ ಸದ್ದು ಬಂದರೆ ಮುಗೀತು, ಮುಂದಿನದು ಎಲ್ಲರಿಗೂ ಗೊತ್ತು. ಒಮ್ಮೆ "ಇಲ್ಲಿ ಕರೆಂಟ್ ಹೋಗಿದೆ" ಅಂದಾಗಲೂ ಆ ಸದ್ದು ಬಂದಿತ್ತು. ಪುಣ್ಯಕ್ಕೆ ಸುಮ್ಮನಾದರು.

ನಿನ್ನೆ, ಪ್ರೋಗ್ರಾಂ ಸರಿಯಿದೆಯಾ ಅಂತ ಪರೀಕ್ಷಿಸುವ ಟೆಸ್ಟ್ ಕೋಡ್ ಜಾರ್ ಒಳಗೆ ಹೋಗಬಾರದು ಅಂತ, 'ಟೆಸ್ಟ್' ಅನ್ನೋ ಫೋಲ್ಡರ್ ಎಲ್ಲಿದ್ದರೂ ಬಿಡು ಅಂತ, ಹಿಂದೆ ಮುಂದೆ ಎರಡೆರಡು ಸ್ಟಾರ್ ಹಾಕಿದ್ದಾರೆ. ನಮ್ಮ ಲ್ಯಾಬ್ ಮಾಡ್ಯೂಲಿನ ಕೋಡೆಲ್ಲ ಇರುವುದೇ 'ಟೆಸ್ಟ್' ಅನ್ನೋ ಪ್ಯಾಕೇಜಿನಲ್ಲಿ, ಅಂದರೆ ಅದೇ ಹೆಸರಿನ ಫೋಲ್ಡರಿನಲ್ಲಿ. ಬ್ಲಡ್ ಟೆಸ್ಟ್, ಯೂರಿನ್ ಟೆಸ್ಟ್, ಮತ್ತಿನ್ನೇನು ಹೆಸರಿಡಬೇಕಿತ್ತು ಪಾಪ! ಶುಗರ್, ಥೈರಾಯ್ಡ್, ಎಲ್ಲ ಒಂದೇ ಏಟಿಗೆ ಮಾಯ. ಇನ್‌ಕ್ಲೂಡ್‌ನಲ್ಲಿ ಮತ್ತೆ ಸೇರಿಸಿ ನೋಡಿದೆ. ಊಹೂಂ. ಎರಡರಲ್ಲೂ ಹೆಸರಿದ್ದರೆ ಆ್ಯಂಟ್ ಎಕ್ಸ್‌ಕ್ಲೂಡ್ ಮಾತನ್ನೇ ಕೇಳುತ್ತದೆ.

ಉರಿದಿದ್ದು ಅದಕ್ಕಲ್ಲ. ಲ್ಯಾಬ್ ಜಾರ್ ಬಿಚ್ಚಿದರೆ ಒಳಗೆ ಮ್ಯಾನಿಫೆಸ್ಟ್ ಅನ್ನೋ ವಿವರದ ಚೀಟಿ ಒಂದೇ ಇದೆ, ಅದರಲ್ಲಿ ಆ್ಯಂಟ್ ವರ್ಷನ್ ಯಾವುದು, ಜಾವಾ ಯಾವುದು ಅಂತ ಬರೆದುಕೊಂಡಿದೆ, ಹೂರಣವೇ ಇಲ್ಲದ ಹೋಳಿಗೆಗೆ ಬಾಣಸಿಗನ ವಿಳಾಸ ಬರೆದ ಹಾಗೆ. ಸ್ಕ್ರೀನ್ ಮೇಲೆ ಮಾತ್ರ 'ಬಿಲ್ಡ್ ಸಕ್ಸೆಸ್‌ಫುಲ್'. ಎರರ್ ಇಲ್ಲ, ಏನಿಲ್ಲ.

ಅಪ್ಪ ಇದೇ ಊರಿನ ಹತ್ತಿ ಗಿರಣಿಯಲ್ಲಿದ್ದವರು. ಎಳೆ ಹರಿದರೆ ಮಗ್ಗ ತಾನೇ ನಿಂತುಬಿಡುತ್ತಿತ್ತು ಅನ್ನುತ್ತಿದ್ದರು. ಆಮೇಲೆ ಆ ಗಿರಣಿಯೂ ನಿಂತಿತು. ಈಗ ಅಪ್ಪ ಇದ್ದಿದ್ದರೆ ಈ ಖಾಲಿ ಜಾರ್ ತೋರಿಸಿ ಕೇಳುತ್ತಿದ್ದೆ, ಇದ್ಯಾವ ಸೀಮೆ ಯಂತ್ರ ಅಂತ.

ಕೊನೆಗೆ ಮುಂದಿನ ಸ್ಟಾರುಗಳನ್ನು ಅಳಿಸಿ, ಬಿಡಬೇಕಾದ ಫೋಲ್ಡರಿನ ದಾರಿ ಪೂರ್ತಿ ಬರೆದು ಕಳಿಸಿದೆ. ಲ್ಯಾಬ್ ವಾಪಸ್ ಬಂತು. ರೊಟ್ಟಿ ಆರಿ ಹಪ್ಪಳವಾಗಿತ್ತು. ಊಟ ಮಾಡುವಾಗಲೇ ಅವರ ಮೆಸೇಜ್:

"ಮುಂದೆ ಸ್ಟಾರ್ ಬಿಟ್ಟುಹೋಗಿದೆ ಸಾರ್. ನಾನೇ ಹಾಕ್ತೀನಿ ಬಿಡಿ."