ಸಿ ಆದ ಮೇಲೆ ಜಿ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯವರು ತಿಂಗಳ ಲೆಕ್ಕದ ಎಕ್ಸೆಲ್ ಫೈಲನ್ನು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಅದರಲ್ಲಿ ಎ, ಬಿ, ಸಿ ಕಾಲಮ್ ಆದ ಮೇಲೆ ನೇರವಾಗಿ ಜಿ ಬರುತ್ತದೆ. ಮಧ್ಯದ ಮೂರನ್ನು 'ಹೈಡ್' ಮಾಡಿದ್ದಾರೆ. ಯಾರ್ಯಾರು ಮೇಂಟೆನೆನ್ಸ್ ಬಾಕಿ ಇಟ್ಟಿದ್ದಾರೆ ಅನ್ನುವ ಗುಟ್ಟು ಅಲ್ಲಿದೆ. ರೈಟ್ ಕ್ಲಿಕ್ ಮಾಡಿ ಎಲ್ಲರೂ ನೋಡಿಯಾಗಿದೆ. ಗುಟ್ಟು ರಟ್ಟಾಗಿದ್ದು ಗೊತ್ತಿಲ್ಲದವರು ಖಜಾಂಚಿಯವರೊಬ್ಬರೇ.

ಅವರನ್ನು ನೋಡಿ ನಗುವಂತಿಲ್ಲ. ದೊಡ್ಡ ದೊಡ್ಡವರೇ ನಡೆದ ದಾರಿ ಅದು.

2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆಯನ್ನು ಯಾರೋ ಮಾಹಿತಿ ಹಕ್ಕಿನಡಿ ಕೇಳಿದರು: ಯಾವ ದರ್ಜೆಯಲ್ಲಿ ಎಷ್ಟು ಜನ ಇದ್ದೀರಿ? ಇಲಾಖೆ ಸ್ಪ್ರೆಡ್‌ಶೀಟ್ ಕೊಟ್ಟಿತು. ಉತ್ತರ ಎದುರಿಗೇ ಕಾಣುವ ಹಾಳೆಯಲ್ಲಿತ್ತು. ಹಿಂದೆ ಅಡಗಿದ್ದ ಹಾಳೆಯಲ್ಲಿ 9,483 ಪೊಲೀಸರು ಮತ್ತು ಸಿಬ್ಬಂದಿಯ ಸರ್‌ನೇಮ್, ಇನಿಶಿಯಲ್, ದರ್ಜೆ, ಕೆಲಸದ ಜಾಗ ಎಲ್ಲ ಇತ್ತು. ಬೆಳಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಪೊಲೀಸರು ಬಗ್ಗಿ ಕಾರಿನ ಕೆಳಗೆ ಬಾಂಬ್ ಇದೆಯಾ ಅಂತ ನೋಡುವ ನಾಡು ಅದು. ತಾವು ಏನು ಕೆಲಸ ಮಾಡುತ್ತೇವೆ ಎಂದು ನೆಂಟರಿಗೂ ಹೇಳದವರು ಅಲ್ಲಿದ್ದಾರೆ. ಅವರ ಪರವಾಗಿ ಇಲಾಖೆಯೇ ಇಂಟರ್ನೆಟ್ಟಿನಲ್ಲಿ ಎರಡು ಗಂಟೆಗೂ ಜಾಸ್ತಿ ಹೊತ್ತು ಹೇಳಿತು. ಆಮೇಲೆ ಬಿದ್ದ ದಂಡ 7.5 ಲಕ್ಷ ಪೌಂಡ್.

ಹೈಡ್ ಅಂದರೆ ಬಚ್ಚಲಮನೆಗೆ ಬಾಗಿಲ ಬದಲು ಹಳೇ ಪಂಚೆ ಇಳಿಬಿಟ್ಟ ಹಾಗೆ. 'ಶೀಟಿಗೆ ಪಾಸ್‌ವರ್ಡೂ ಹಾಕಿದ್ದೀನಿ' ಎನ್ನುವ ಜಾಣರಿದ್ದಾರಲ್ಲ, ಅವರು ಪಂಚೆಗೆ ಒಂದು ಪಿನ್ನು ಚುಚ್ಚಿದವರು. ಈಗಿನ ಎಕ್ಸೆಲ್ ಫೈಲ್ ಅಸಲಿಗೆ ಒಂದು ಜಿಪ್ ಗಂಟು. ಬಿಚ್ಚಿ ಒಳಗಿನ ಒಂದು ತುಣುಕು ಅಳಿಸಿದರೆ ಶೀಟಿನ ಬೀಗ ಮಾಯ. ಇದು ಭದ್ರತೆಗೆ ಮಾಡಿದ್ದಲ್ಲ ಎಂದು ಮೈಕ್ರೋಸಾಫ್ಟೇ ಬರೆದಿಟ್ಟಿದೆ. ಫೈಲ್ ತೆರೆಯುವಾಗಲೇ ಕೇಳುವ ಪಾಸ್‌ವರ್ಡ್ ಬೇರೆ, ಅದು ನಿಜವಾದ ಬೀಗ. ಇನ್ನು 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಒತ್ತಿದರೆ ಏನೇನು ಅಡಗಿದೆ ಎಂದು ಎಕ್ಸೆಲ್ಲೇ ಚಾಡಿ ಹೇಳುತ್ತದೆ. ಬೇಡದ್ದನ್ನು ಅಳಿಸಿ ಕಳಿಸಬಹುದು. ಆದರೆ ಅಳಿಸಲು ಯಾವ ಕಚೇರಿಗೆ ಮನಸ್ಸು ಬರುತ್ತೆ? 'ಇರಲಿ ಬಿಡಿ, ಯಾವತ್ತಾದ್ರೂ ಬೇಕಾಗುತ್ತೆ.'

ಈ ವಿದ್ಯೆಯಲ್ಲಿ ಡಾಕ್ಟರೇಟ್ ಮಾತ್ರ ಬ್ರಿಟನ್ನಿನ ರಕ್ಷಣಾ ಸಚಿವಾಲಯಕ್ಕೇ ಸಲ್ಲಬೇಕು. 2022ರ ಫೆಬ್ರವರಿಯಲ್ಲಿ ಅಲ್ಲಿನವರೊಬ್ಬರು ಸುಮಾರು 150 ಸಾಲು ಎಂದುಕೊಂಡು ಒಂದು ಪಟ್ಟಿಯನ್ನು ಇಮೇಲ್ ಮಾಡಿದರು. ಹೋಗಿದ್ದು ಸುಮಾರು 33,000 ಸಾಲು. ತಾಲಿಬಾನ್‌ಗೆ ಹೆದರಿ ಬ್ರಿಟನ್ನಿನ ಆಸರೆ ಕೇಳಿದ್ದ ಸುಮಾರು 19,000 ಆಫ್ಘನ್ನರ ವಿವರ. ಒಂದು ತುಣುಕು ಫೇಸ್‌ಬುಕ್ಕಿಗೆ ಬರುವ ತನಕ, ಅಂದರೆ ಒಂದೂವರೆ ವರ್ಷ, ಸಚಿವಾಲಯಕ್ಕೆ ಸುಳಿವೇ ಇಲ್ಲ.

ಎಕ್ಸೆಲ್ಲಿನಲ್ಲಿ 'ವೆರಿ ಹಿಡನ್' ಅಂತ ಇನ್ನೊಂದು ಮಟ್ಟ ಇದೆ. ಹಾಗೆ ಬಚ್ಚಿಟ್ಟ ಹಾಳೆಯ ಹೆಸರು ಅನ್‌ಹೈಡ್ ಪಟ್ಟಿಯಲ್ಲೂ ಬರುವುದಿಲ್ಲ. ಬಚ್ಚಿಟ್ಟಿದ್ದಾರೆ ಅನ್ನುವುದನ್ನೂ ಬಚ್ಚಿಟ್ಟಂತೆ. ಆಫ್ಘನ್ ಪಟ್ಟಿಯ ಸುದ್ದಿ ಹೊರಬೀಳದಿರಲಿ ಎಂದು ಬ್ರಿಟನ್ ಸರ್ಕಾರ ಕೋರ್ಟಿಗೆ ಹೋದಾಗ 2023ರ ಸೆಪ್ಟೆಂಬರಿನಲ್ಲಿ ಸಿಕ್ಕಿದ್ದು ಇಂಥದ್ದೇ ಆದೇಶ. ಸುದ್ದಿ ಬರೆಯುವಂತಿಲ್ಲ. ಬರೆಯುವಂತಿಲ್ಲ ಎಂಬ ಆದೇಶ ಇದೆ ಅಂತಲೂ ಹೇಳುವಂತಿಲ್ಲ. ಆಫ್ಘನ್ನರ ಜೀವ ಉಳಿಸಲು ಎಂದರು, ಸರಿ. ಸಾವಿರಾರು ಜನರನ್ನು ಗುಟ್ಟಾಗಿ ಕರೆತಂದರು. ಮಧ್ಯೆ ಚುನಾವಣೆ ನಡೆದು ಸರ್ಕಾರವೇ ಬದಲಾಯಿತು. ವೋಟು ಹಾಕಿದವರಿಗೆ ಕಾಣುತ್ತಿದ್ದದ್ದು ಸಿ, ಆಮೇಲೆ ಜಿ. ಅನ್‌ಹೈಡ್ ಆಗಿದ್ದು 2025ರ ಜುಲೈನಲ್ಲಿ.

ಇದನ್ನೆಲ್ಲ ನಮ್ಮ ಖಜಾಂಚಿಯವರಿಗೆ ಕೂತು ವಿವರಿಸಿದೆ. 'ಅಯ್ಯೋ, ಹೌದಾ ಸಾರ್' ಎಂದು ಗಾಬರಿಯಾದರು. ಈ ತಿಂಗಳ ಫೈಲಿನಲ್ಲಿ ಡಿ, ಇ, ಎಫ್ ಮೂರೂ ವಾಪಸ್ ಬಂದಿವೆ. ಅಕ್ಷರಗಳಿಗೆ ಬಿಳಿ ಬಣ್ಣ ಹಚ್ಚಿದ್ದಾರೆ.