ಭಾವಮೈದನ ಎಕ್ಸೆಲ್ ಶೀಟು, ನಾವು ತಿನ್ನದ ದೋಸೆ

ಭಾನುವಾರ ಭಾವಮೈದ ಬೆಂಗಳೂರಿನಿಂದ ಕೋಲಾರಕ್ಕೆ, ನಮ್ಮ ಮನೆಗೆ, ಕುಟುಂಬ ಸಮೇತ ಬಂದಿದ್ದ. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದ, "ಭಾವ, ಇವತ್ತು ನಿಮ್ಮ ಪ್ಲಾನ್ ಏನು?" ಏನೂ ಇಲ್ಲ ಕಣೋ, ನೀವು ಬಂದಿದ್ದೀರಲ್ಲ ಅಂದೆ. ಅವನು ನನ್ನನ್ನು ನೋಡಿದ ರೀತಿ ಇದೆಯಲ್ಲ, ಕಂತು ಕಟ್ಟದವನನ್ನು ಬ್ಯಾಂಕಿನವರು ನೋಡಿದ ಹಾಗೆ. ಆಮೇಲೆ ಮೊಬೈಲಿನಲ್ಲಿ ಶೀಟು ತೆಗೆದ. 7.30ರಿಂದ 8.10 ಅಂತರಗಂಗೆ. 8.30ಕ್ಕೆ ಕೋಲಾರಮ್ಮ. 10ರಿಂದ 10.25 ಮುಳಬಾಗಿಲು ದೋಸೆ. ಆಮೇಲೆ ಕುರುಡುಮಲೆ ಗಣೇಶ, ಕೋಟಿಲಿಂಗೇಶ್ವರ. ಮೂತ್ರಕ್ಕೂ ಐದು ನಿಮಿಷ ಬರೆದಿದ್ದ, ಪುಣ್ಯಾತ್ಮ.

ಅಂತರಗಂಗೆ ಮೆಟ್ಟಿಲು ಹತ್ತಿ ಕಲ್ಯಾಣಿ ಹತ್ತಿರ ಹೋದೆವು. ಅವನ ಮಗಳಿಗೆ ಆರು ವರ್ಷ. ಬಸವನ ಬಾಯಿಂದ ಬೀಳುವ ನೀರಿಗೆ ಕೈ ಒಡ್ಡಿ ನಿಂತವಳು ಅಲುಗಾಡಲಿಲ್ಲ. ನೀರು ಬೆರಳ ಸಂದಿಯಲ್ಲಿ ಇಳಿದು ಮೊಣಕೈವರೆಗೆ ಹರಿಯುತ್ತಿತ್ತು. "ಮಾಮ, ಇದು ಎಲ್ಲಿಂದ ಬರುತ್ತೆ?" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಅಲಾರಂ ಹೊಡೆಯಿತು. "ಕಾರಲ್ಲಿ ಗೂಗಲ್ ಮಾಡೋಣ ಪುಟ್ಟಾ, ಟೈಮಾಯ್ತು." ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ, ಬಂಡೆಯಿಂದ ಸದಾ ಜಿನುಗುವ ನೀರಿಗೆ ನಲವತ್ತು ನಿಮಿಷ!

ಮುಳಬಾಗಿಲಿನಲ್ಲಿ ಹೋಟೆಲ್ ಮುಂದೆ ಜನ. ನಮ್ಮ ಸರದಿಗೆ ಇನ್ನೂ ಅರ್ಧ ಗಂಟೆ ಅಂದರು. ಬಾಣಲೆಯಲ್ಲಿ ದಪ್ಪ ದೋಸೆ ಕೆಂಪಗೆ ಬೇಯುತ್ತಿತ್ತು, ತುಪ್ಪದ ವಾಸನೆ ಮೂಗಿಗೇ ಬಡಿಯುತ್ತಿತ್ತು. ಅವನು ಗಡಿಯಾರ ನೋಡಿದ. "ಸ್ಕಿಪ್ ಮಾಡೋಣ ಭಾವ." ದೋಸೆ ತಿನ್ನದೆ ಮುಳಬಾಗಿಲು ದಾಟಿದೆವು. ಕಾರಿನಲ್ಲಿ ಬಿಸ್ಕತ್ತು ಕೊಟ್ಟ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ.

ಆ ಬಿಸ್ಕತ್ತು ಕಡಿಯುವಾಗಲೇ ಮತ್ತೆ ಶುರು. "ಅಲ್ಲ ಭಾವ, ಮುಂದಿನ ಐದು ವರ್ಷಕ್ಕೆ ನಿಮ್ಮ ಪ್ಲಾನ್ ಏನು?"

ಟೊಮೆಟೊ ಬೆಳೆಯುವವನನ್ನು ಕೇಳುವ ಪ್ರಶ್ನೆನಾ ಇದು? ನಾನೂ ಪ್ಲಾನ್ ಮಾಡಿದವನೇ. 2023ರಲ್ಲಿ ನಾಟಿ, ಔಷಧಿ, ಕಡ್ಡಿ, ದಾರ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಮೇ ತಿಂಗಳಿಗೆ ಸರಿಯಾಗಿ ಹಣ್ಣು ತೆಗೆದೆ. ಕಿತ್ತ ಕೂಲಿಯೂ ಹುಟ್ಟಲಿಲ್ಲ. ಹಸುಗಳಿಗೆ ಹಾಕಿದೆ. ಪಕ್ಕದ ತೋಟದವರದು ಬೋರ್ ಮೋಟಾರ್ ಸುಟ್ಟು ನಾಟಿ ಎರಡು ತಿಂಗಳು ತಡವಾಗಿತ್ತು, ಪಾಪ ಅಂತ ನಾನೇ ಮರುಗಿದ್ದೆ. ರೇಟಿಲ್ಲ ಅಂತ ತುಂಬಾ ಜನ ನಾಟಿ ಬಿಟ್ಟಿದ್ದರು, ಜೊತೆಗೆ ಎಲೆ ಮುದುಡುವ ಬಿಂಗಿ ರೋಗ. ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತು. ಪಕ್ಕದವರ ಅರ್ಧ ಗಿಡ ರೋಗಕ್ಕೆ ಹೋಗಿತ್ತು. ಉಳಿದರ್ಧದಲ್ಲೇ ಮನೆ ಮೇಲೆ ಇನ್ನೊಂದು ಮನೆ ಕಟ್ಟಿದರು. ಸುಟ್ಟ ಮೋಟಾರು ಯಾವ ಶೀಟಿನ ಯಾವ ಕಾಲಮ್ಮಿನಲ್ಲಿ ಬರುತ್ತಪ್ಪಾ?

ಈಗ ಕೆಲವರು ಕಾಮೆಂಟಿಗೆ ಓಡಿ ಬರುತ್ತೀರಿ, ಗೊತ್ತು. ಕೆ.ಸಿ. ವ್ಯಾಲಿ ನೀರಿನ ಯೋಜನೆಯೂ ಪ್ಲಾನೇ ಅಲ್ವಾ, 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗೆ ಬರಲಿಲ್ವಾ ಅಂತ. ಬಂತು ಸ್ವಾಮಿ, ನಮ್ಮ ಬೋರಿಗೂ ಜೀವ ಬಂತು, ಇಲ್ಲ ಅನ್ನಲ್ಲ. ಆದರೆ 2021ರ ನವೆಂಬರಿನಲ್ಲಿ ಕೆರೆಗಳು ಕೋಡಿ ಹರಿದಿದ್ದು ಯಾರ ಪಟ್ಟಿಯಲ್ಲೂ ಇಲ್ಲದ ಮಳೆಗೆ. ಅವತ್ತು ಕೋಡಿ ನೋಡಲು ಊರಿಗೆ ಊರೇ ಹೋಗಿತ್ತು, ಯಾರೂ ಟೈಮ್ ಹಾಕಿಕೊಂಡು ಹೋಗಲಿಲ್ಲ. ಫೀಸಿಗೆ, ಕಂತಿಗೆ ದುಡ್ಡು ಎತ್ತಿಡಬೇಕು, ಸರಿ. ಅಷ್ಟಕ್ಕೆ ದೋಸೆ ಬಿಡಬೇಕಾ?

ಒಂದು ಮಾತು ಹೇಳಿಬಿಡುತ್ತೇನೆ, ಮನೆಯವಳು ಇದನ್ನು ಓದಲ್ಲ ಅನ್ನೋ ಧೈರ್ಯದ ಮೇಲೆ. ಅವನ ಮನೆ ಸಾಲ 2031ಕ್ಕೆ ಮುಗಿಯುತ್ತಂತೆ, ತಿಂಗಳು ಸಮೇತ ಹೇಳಿದ. ಕೇಳಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನ್ನದು ಮುಂದಿನ ತಿಂಗಳದ್ದೇ ಗೊತ್ತಿಲ್ಲ. ರಾತ್ರಿ ಹಳೇ ನೋಟ್‌ಬುಕ್ ತೆಗೆದು ನೋಡಿದೆ ಕೂಡ. ಮೇ ತಿಂಗಳ ಪುಟದಲ್ಲಿ 'ಲಾಭ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ನಗು ಬಂತು.

ಈಗಷ್ಟೇ ವಾಟ್ಸಾಪ್ ಬಂತು. ದೀಪಾವಳಿಯ ಶೀಟು. ಎಣ್ಣೆಸ್ನಾನಕ್ಕೆ ನನಗೆ ಬೆಳಗ್ಗೆ 5.40ರಿಂದ 5.55. ಹದಿನೈದು ನಿಮಿಷದಲ್ಲಿ ತಲೆಯ ಎಣ್ಣೆ ಹೋಗುತ್ತಾ, ನೀವೇ ಹೇಳಿ.