ದಂಡಿ ಮೇಲಿನ ಕ್ಯಾಪ್ಟನ್ನರು

ಸಮುದ್ರ ನೋಡಬೇಕು ಅಂದರೆ ವಿಜಯಪುರದವರು ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕೂತು ಸೊಂಟ ಸವೆಸಬೇಕು. ಆದರೂ ಹಡಗು ಮಗುಚಿತು ಅಂತ ಒಂದು ಸುದ್ದಿ ಬರಲಿ, ಗಾಂಧಿ ಚೌಕದ ಸುತ್ತಮುತ್ತ ಕ್ಯಾಪ್ಟನ್ನರಿಗೆ ಬರ ಇರುವುದಿಲ್ಲ. ಮಳೆಗೆ ಬರ ಇರಬಹುದು, ಇದಕ್ಕಿಲ್ಲ.

ಮೊನ್ನೆ ಒಂದು ವಿಡಿಯೋ ಊರೆಲ್ಲ ಓಡಾಡಿತು. ಬಿಳಿ ಹಡಗು ದಂಡೆಯ ಪಕ್ಕದಲ್ಲೇ ಮಗ್ಗುಲಾಗಿ ಬಿದ್ದಿದೆ. ಕೆಳಗೆ ಬರಹ: 'ಇಂದು ಬೆಳಿಗ್ಗೆ ಕಾರವಾರದ ಬಳಿ ಭೀಕರ ದುರಂತ. ಆದಷ್ಟು ಜನರಿಗೆ ಕಳಿಸಿ.' ನಾವು ಕೂರುವ ಚಹಾದಂಗಡಿಗೆ ಅದು ಬಂದು ಮುಟ್ಟಿದ ಐದೇ ನಿಮಿಷಕ್ಕೆ ತನಿಖೆ ಮುಗಿದಿತ್ತು. ಟಂಟಂ ಓಡಿಸುವವನು 'ಬ್ರೇಕ್ ಫೇಲ್' ಅಂದ. ನಿವೃತ್ತ ಮಾಸ್ತರರು 'ಓವರ್‌ಲೋಡ್' ಅಂದರು. ಗೊಬ್ಬರದಂಗಡಿ ಸಾಹುಕಾರರು ಸತ್ತವರ ಮನೆಗೆ ತಲಾ ಇಪ್ಪತ್ತೈದು ಲಕ್ಷ ಪರಿಹಾರ ಘೋಷಿಸಿದರು. ಪಕ್ಕದವರು ಸವಾಲಿನಲ್ಲಿ ಕೂಗಿದ ಹಾಗೆ ಅದನ್ನು ಐವತ್ತಕ್ಕೆ ಏರಿಸಿದರು. ಎಷ್ಟು ಜನ ಸತ್ತಿದ್ದಾರೆ, ನಿಜಕ್ಕೂ ಸತ್ತಿದ್ದಾರಾ ಅಂತ ಯಾರೂ ಕೇಳಲಿಲ್ಲ. ಒಬ್ಬರ ಫೋನಿನಲ್ಲಿ ಸಾಲಾಗಿ 'ಓಂ ಶಾಂತಿ' ಬೀಳುತ್ತಿತ್ತು. ನಡುವೆ ಯಾರದೋ ಹುಟ್ಟುಹಬ್ಬದ ಫೋಟೋ ಬಂತು. ವೇಗದಲ್ಲಿದ್ದ ಬೆರಳುಗಳು ತಡೆಯಲಿಲ್ಲ. ಕೇಕು ಕತ್ತರಿಸುತ್ತಿದ್ದವನಿಗೂ ನಾಲ್ಕು 'ಓಂ ಶಾಂತಿ' ಸಂದವು.

ಕಾಲೇಜು ಹುಡುಗನೊಬ್ಬ ಬಾಯಿಬಿಟ್ಟ. "ಮಾಸ್ತರ್ರ, ಇದು ಇಟಲಿದು ರೀ. 2012ರಾಗ ಆಗಿದ್ದು."

"ಹಿಂದಿನ ಗುಡ್ಡ ನೋಡಲೇ, ಕಾರವಾರದ್ದ ಐತಿ," ಅಂದರು ಮಾಸ್ತರರು. ಹುಡುಗ ಫೋನಿನಲ್ಲಿ ಹುಡುಕಿ ತೋರಿಸಿದ. ಮಾಸ್ತರರು ಕನ್ನಡಕ ಏರಿಸಿ ನೋಡಿದರು, ಇಳಿಸಿದರು. "ಇರಲಿ ಬಿಡು. ಸತ್ತಾವ್ರಂತೂ ಸತ್ತಾರಲ್ಲ? ಓಂ ಶಾಂತಿಗೆ ತಾರೀಖು ಯಾಕ ಬೇಕು?"

ಹುಡುಗ ಹೇಳಿದ್ದೇ ನಿಜ. ಅದು ಕೋಸ್ಟಾ ಕಾಂಕೋರ್ಡಿಯಾ. 290 ಮೀಟರ್ ಉದ್ದದ ಹಡಗು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಆರು ಗೋಲಗುಮ್ಮಟ ಸಾಲಾಗಿ ನಿಲ್ಲಿಸಿದಷ್ಟು. ಒಳಗೆ 4,229 ಜನ. 2012ರ ಜನವರಿ 13ರ ರಾತ್ರಿ ಅದು ಇಟಲಿಯ ಜಿಲ್ಯೊ ಅನ್ನುವ ಪುಟ್ಟ ದ್ವೀಪದ ಹತ್ತಿರಕ್ಕೆ ಹೋಯಿತು. ಯಾಕೆ? ದಂಡೆಯಲ್ಲಿದ್ದವರಿಗೆ ನಮಸ್ಕಾರ ಹೇಳೋದಕ್ಕೆ! ದೀಪ ಹಾಕಿಕೊಂಡು ಊರಿನ ಮುಂದೆ ಹಾದು ಹೋಗುವ ಚಾಳಿ ಅಲ್ಲಿತ್ತು. ಬಂಡೆ ತಾಗಿತು. ಹಡಗಿನ ಹೊಟ್ಟೆ ಐವತ್ತು ಮೀಟರಿಗೂ ಜಾಸ್ತಿ ಸೀಳಿತು. ಪ್ರಯಾಣಿಕರಿಗೆ ಹೇಳಿದ್ದು ಮಾತ್ರ ಇಷ್ಟು: ಕರೆಂಟ್ ತೊಂದರೆ ಆಗಿದೆ, ಗಾಬರಿ ಬೇಡ. ನೀರು ಒಳಗೆ ನುಗ್ಗುತ್ತಿದೆ, ಕರೆಂಟ್ ಈಗ ಬರುತ್ತದೆ ಅಂತ ಜನ ಕಾಯುತ್ತಿದ್ದಾರೆ. ಹಡಗು ಬಿಟ್ಟು ಇಳಿಯಿರಿ ಅನ್ನುವ ಆದೇಶ ಬರುವ ಹೊತ್ತಿಗೆ ಒಂದು ತಾಸಿನ ಮೇಲಾಗಿತ್ತು.

ಕ್ಯಾಪ್ಟನ್ ಫ್ರಾಂಚೆಸ್ಕೊ ಸ್ಕೆಟ್ಟಿನೊ ಆಮೇಲೆ ಕೊಟ್ಟ ವಿವರಣೆಗಳನ್ನು ಕೇಳಿ ನಮ್ಮ ಚಹಾದಂಗಡಿ ನಕ್ಕಿದ್ದೇ ನಕ್ಕಿದ್ದು. ಆ ನೀರು ನನಗೆ ಗೊತ್ತಿತ್ತು, ಕಣ್ಣಂದಾಜಿನಲ್ಲೇ ನಡೆಸುತ್ತಿದ್ದೆ ಅಂದನಂತೆ. ಆ ಬಂಡೆ ನಕ್ಷೆಯಲ್ಲೇ ಇರಲಿಲ್ಲ ಅಂದನಂತೆ. ಜನ ಇನ್ನೂ ಮೇಲಿರುವಾಗಲೇ ನೀನು ಲೈಫ್‌ಬೋಟಿನಲ್ಲಿ ಹೇಗೆ ಬಂದೆಯಪ್ಪಾ ಅಂದರೆ, ಕಾಲು ಜಾರಿ ಅದರೊಳಗೆ ಬಿದ್ದೆ ಅಂದ. ಟಂಟಂನವನು ಕಣ್ಣೊರೆಸಿಕೊಂಡು, "ಜಾರಿದ್ರ ನೀರಾಗ ಬೀಳಬೇಕಿತ್ತಲ್ಲೋ ಮಾರಾಯಾ, ಸೀದಾ ಸೀಟಿಗೇ ಬಿದ್ದಾನ," ಅಂದ. ಇಡೀ ಪ್ರಕರಣದಲ್ಲಿ ನಾನು ಕೇಳಿದ ಒಳ್ಳೆಯ ತಾಂತ್ರಿಕ ಪ್ರಶ್ನೆ ಅದೊಂದೇ.

ಆ ರಾತ್ರಿ ಕರಾವಳಿ ಕಾವಲಿನ ಅಧಿಕಾರಿ ಗ್ರೆಗೊರಿಯೊ ದೆ ಫಾಲ್ಕೊ ಫೋನಿನಲ್ಲಿ ಕ್ಯಾಪ್ಟನ್ನನಿಗೆ ಬೈದ ಮಾತು ಜಗತ್ತೆಲ್ಲ ಕೇಳಿತು. ಇಲ್ಲಿ ಕತ್ತಲಿದೆ ಅಂತ ಇವನು ಅಂದರೆ, ಕತ್ತಲಾಯಿತು ಅಂತ ಮನೆಗೆ ಹೋಗುತ್ತೀಯಾ ಅಂತ ಅವನು. 'ಹಡಗು ಹತ್ತು' ಅಂದು, ಜೊತೆಗೊಂದು ಬೈಗುಳ ಸೇರಿಸಿದ. ಆ ಬೈಗುಳವನ್ನು ಬರೆದರೆ ಈ ಅಂಕಣವೂ ಮುಳುಗುತ್ತದೆ, ಬೇಡ. ಕೆಲವೇ ದಿನಗಳಲ್ಲಿ ಇಟಲಿಯಲ್ಲಿ ಆ ಬೈಗುಳ ಟೀಶರ್ಟಿನ ಮೇಲೆ ಅಚ್ಚಾಗಿ ಮಾರಾಟಕ್ಕೆ ಬಂತು. ಒಳಗೆ ಹೆಣ ಹುಡುಕುತ್ತಿದ್ದಾರೆ, ಹೊರಗೆ ಸೈಜು ಕೇಳುತ್ತಿದ್ದಾರೆ.

ಅದೇ ರಾತ್ರಿ ಇನ್ನೊಬ್ಬ ಮನುಷ್ಯ ನಿಜವಾಗಿಯೂ ಹಡಗು ಹತ್ತಿದ್ದ. ಜಿಲ್ಯೊ ಊರಿನ ಉಪಮೇಯರ್ ಮಾರಿಯೊ ಪೆಲ್ಲೆಗ್ರಿನಿ. ಅದು ಅವನ ಕೆಲಸವಲ್ಲ, ಸಂಬಳವೂ ಇಲ್ಲ. ಹತ್ತಿದ, ಸಿಕ್ಕಿಕೊಂಡವರನ್ನು ಇಳಿಸಲು ನೆರವಾದ. ಊರಿನವರು ಚರ್ಚು, ಶಾಲೆ, ಮನೆ ಬಾಗಿಲು ತೆಗೆದು ನೆಂದು ಬಂದವರಿಗೆ ಕಂಬಳಿ ಹೊದಿಸಿದರು. ಇದನ್ನು ಹೇಳಿದಾಗ ಚಹಾದಂಗಡಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಬೈಗುಳ ಇಲ್ಲದ ಕಥೆ, ಯಾರಿಗೆ ಬೇಕು?

32 ಜನ ಸತ್ತರು. ಅವರಲ್ಲಿ ನಮ್ಮ ದೇಶದ ಒಬ್ಬ ವೇಟರ್ ಕೂಡ ಇದ್ದ. ಕೊನೆಗೆ ಸಿಕ್ಕ ಶವ ಅವನದು, 2014ರ ನವೆಂಬರಿನಲ್ಲಿ, ಹಡಗನ್ನು ಜಿನೋವಾ ಬಂದರಿಗೆ ಎಳೆದು ತಂದು ಒಡೆಯುವಾಗ. ಸುಮಾರು ಎರಡು ಮುಕ್ಕಾಲು ವರ್ಷ ಒಂದು ಮನೆಯವರು ಕಾದಿದ್ದರು. ನಮ್ಮ 'ಓಂ ಶಾಂತಿ'ಗಳಲ್ಲಿ ಒಂದೂ ಆ ಮನೆಯ ಕಡೆ ಹೋಗಿರಲಿಕ್ಕಿಲ್ಲ.

2015ರಲ್ಲಿ ಕ್ಯಾಪ್ಟನ್ನನಿಗೆ 16 ವರ್ಷ ಶಿಕ್ಷೆ ಆಯಿತು. ಲೆಕ್ಕ ಕೇಳಿ. ಜನರ ಸಾವಿಗೆ 10, ಹಡಗು ಮುಳುಗಿಸಿದ್ದಕ್ಕೆ 5, ಜಗತ್ತೇ ಉಗಿದ ಆ ಓಡಿಹೋದದ್ದಕ್ಕೆ 1. ಸಾಹುಕಾರರಿಗೆ ಸಿಟ್ಟು ಬಂತು. "ಒಂದೇ ವರ್ಷ ಏನ್ರೀ? ಓಡಿಹೋದಾಂವಗ ಗಲ್ಲಿಗೆ ಹಾಕಬೇಕು." ಬಂಡೆಗೆ ಗುದ್ದಿದ್ದು ಅವರ ಲೆಕ್ಕದಲ್ಲಿ ಸಣ್ಣ ತಪ್ಪು. ಯಾರಿಗಾದರೂ ಆಗುವಂಥದ್ದು. ಈ ನಡುವೆ 2014ರಲ್ಲಿ ರೋಮಿನ ಸಪಿಯೆಂಜಾ ವಿಶ್ವವಿದ್ಯಾಲಯದ ಒಂದು ಕೋರ್ಸಿನವರು ಇದೇ ಮಹಾಶಯನನ್ನು ಮಾತಾಡಲು ಕರೆದಿದ್ದರು. ವಿಷಯ ಏನು ಗೊತ್ತಾ? ಗಾಬರಿಯ ಹೊತ್ತಿನಲ್ಲಿ ನಿಭಾಯಿಸೋದು ಹೇಗೆ! ಗಲಾಟೆ ಆಗಿ ವಿಶ್ವವಿದ್ಯಾಲಯವೇ ಖಂಡಿಸಿತು. ನಮ್ಮಲ್ಲಿ ಆಗಿದ್ದರೆ ಶಾಲು, ಹಾರ, ಫಲಪುಷ್ಪ ಎಲ್ಲ ಕೊಟ್ಟು ಕಳಿಸುತ್ತಿದ್ದೆವು.

ಶಕುನ ಹುಡುಕುವವರಿಗೂ ಅಲ್ಲಿ ಭರ್ಜರಿ ಸುಗ್ಗಿ. ಶುಕ್ರವಾರ, ಅದೂ 13ನೇ ತಾರೀಖು. ಹೆಸರಿಡುವ ದಿನ ಹಡಗಿಗೆ ಬಡಿದ ಶಾಂಪೇನ್ ಬಾಟಲಿ ಒಡೆದೇ ಇರಲಿಲ್ಲವಂತೆ. ಮಾಸ್ತರರು ತಕ್ಷಣ, ನಿಂಬೆಹಣ್ಣು ಕಟ್ಟಬೇಕಿತ್ತು ಅಂದರು. ದಂಡೆಯಲ್ಲಿ ಬಿದ್ದ ಹಡಗಿನ ಮುಂದೆ ಫೋಟೋ ತೆಗೆಸಿಕೊಳ್ಳಲು ಪ್ರವಾಸಿಗರು ದೋಣಿ ತುಂಬಿ ಬಂದರು ಅಂತ ಹೇಳಿದಾಗ ಮಾತ್ರ ಎಲ್ಲರೂ 'ಛೇ' ಅಂದರು. ಆಲಮಟ್ಟಿಯಲ್ಲಿ ಗೇಟ್ ತೆಗೆದ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಗಾಡಿ ನಿಲ್ಲಿಸಿ, ಹೊಲ ಕಳೆದುಕೊಂಡವರ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆದವರು ಇವರೇ. 'ಛೇ' ಅನ್ನೋದಕ್ಕೆ ಖರ್ಚಿಲ್ಲ ಅಲ್ವಾ.

ಇಷ್ಟೆಲ್ಲ ಗದ್ದಲದಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿ ಇದೆ. ಆ ದಿನ ಸಂಜೆ ಹಡಗು ಹತ್ತಿದ ಪ್ರಯಾಣಿಕರಿಗೆ ಸುರಕ್ಷತೆಯ ತಾಲೀಮು ಇನ್ನೂ ಆಗಿರಲೇ ಇಲ್ಲ. ಲೈಫ್ ಜಾಕೆಟ್ ಎಲ್ಲಿದೆ, ಯಾವ ಕಡೆ ನಿಲ್ಲಬೇಕು ಅಂತ ಹೇಳಿಕೊಡೋದಕ್ಕೆ ಆಗಿನ ನಿಯಮ 24 ತಾಸು ಸಮಯ ಕೊಡುತ್ತಿತ್ತು. 2015ರಿಂದ ನಿಯಮ ಬದಲಾಯಿತು. ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ಕೂಡಲೇ ತಾಲೀಮು ಆಗಬೇಕು. ಇದನ್ನು ಹೇಳಿದಾಗ ಮಾಸ್ತರರು ತಲೆದೂಗಿ, "ಶಿಸ್ತು ಬೇಕ್ರಿ, ಶಿಸ್ತು," ಅಂದರು.

ಆ ಶಿಸ್ತನ್ನು ನೋಡುವ ಭಾಗ್ಯ ನನಗೆ ಆ ವಾರದಲ್ಲೇ ಸಿಕ್ಕಿತು. ಕೃಷ್ಣೆಯ ಹಿನ್ನೀರಿನ ದಂಡೆಯ ಒಂದೂರಿನ ಜಾತ್ರೆಗೆ ಇದೇ ಮಂಡಳಿ ಹೊರಟಿತು, ನಾನೂ ಹೋದೆ. ಆಚೆ ದಂಡೆಗೆ ಬೋಟು. ಇಪ್ಪತ್ತು ಜನರದ್ದು, ಹತ್ತಿದವರು ನಲವತ್ತು. ಓವರ್‌ಲೋಡ್ ತಜ್ಞರೇ ಮೊದಲು ಹತ್ತಿ ಮುಂದಿನ ಜಾಗ ಹಿಡಿದರು. ಕಿತ್ತಳೆ ಬಣ್ಣದ ಜಾಕೆಟ್‌ಗಳು ಇದ್ದವು, ಇಲ್ಲ ಅನ್ನಲಿಕ್ಕಾಗದು. ಹಲಗೆ ಬಿಸಿಲಿಗೆ ಕಾದಿದೆ ಅಂತ ಎಲ್ಲರೂ ಅವನ್ನು ಕೆಳಗೆ ಹಾಕಿಕೊಂಡು ಕೂತಿದ್ದರು. ಒಂದರ ಬಕಲ್ಲು ಕಿತ್ತುಹೋಗಿತ್ತು, ಇನ್ನೊಂದರ ಮೇಲೆ ಯಾರೋ ಚುರಮುರಿ ಪೊಟ್ಟಣ ಬಿಚ್ಚಿದ್ದರು.

"ಹಾಕ್ಕೋರಿ ಮಾಸ್ತರ್ರ," ಅಂದ ಬೋಟಿನ ಹುಡುಗ.

"ಏ, ಹೊಳಿ ದಂಡಿಮ್ಯಾಗ ಹುಟ್ಟಿದಾಂವ ನಾ. ಅದನ್ನ ಹಾಕ್ಕೊಂಡ್ರ ಫೋಟೋದಾಗ ಹೊಟ್ಟಿ ಕಾಣತದ."

ನಡು ನೀರಿಗೆ ಬಂದಾಗ ಎಡಗಡೆ ದೂರದಲ್ಲಿ ನಾಲ್ಕು ಮನೆ ಕಂಡವು. ಮಾಸ್ತರರು ಎದ್ದು ನಿಂತರು. ಅವರ ಜೊತೆ ಅರ್ಧ ಬೋಟು ಎದ್ದು ಎಡಕ್ಕೆ ವಾಲಿತು.

"ತಮ್ಮಾ, ಸ್ವಲ್ಪ ಆ ದಂಡಿ ಹತ್ತರ ತಗೊಳ್ಳೋ. ನಮ್ಮ ಬೀಗರ ಮನಿ ಅಲ್ಲೇ ಐತಿ. ಮಾಳಗಿ ಮ್ಯಾಗ ನಿಂತಾರ ನೋಡು, ಕೈ ಮಾಡಿ ಹೋಗೂಣು."

"ಅಲ್ಲಿ ಕೆಳಗ ಕಲ್ಲು ಅದಾವ ರೀ."

"ಯಾವ ಕಲ್ಲು ನನಗ ಗೊತ್ತಿಲ್ಲೇನಲೇ? ಮುಳುಗಡಿ ಆಗೂಕಿಂತ ಮೊದಲ ಆ ಕಲ್ಲಿನ ಮ್ಯಾಗ ಕುಂತು ಜಳಕಾ ಮಾಡೀನಿ. ನಾ ಹೇಳತೇನಿ, ನಡಿ!"